ಹುಣ್ಣು ತೊಳೆದ ಕೈಗಳು ಕ್ಷಮಿಸಿದ ಬಗೆ

ಮಿಷನರಿ ಎಂದಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ನಿಲುವಂಗಿ ತೊಟ್ಟ ಗುರುಗಳು, ಇಲ್ಲವೇ ಮುಸುಕು ಧರಿಸಿದ ಕನ್ಯಾಸ್ತ್ರೀಯರು. ಅವರಿಗೆ ಹೆಂಡತಿ ಮಕ್ಕಳಿಲ್ಲ, ಮನೆ ಬಾಡಿಗೆಯ ಚಿಂತೆಯಿಲ್ಲ. ಆದ್ದರಿಂದ ಪರದೇಶಕ್ಕೆ ಹೋಗಿ ರೋಗಿಗಳ ಸೇವೆ ಮಾಡುವುದು ಅವರ ಪಾಲಿನ ಕರೆ, ಸಂಸಾರಸ್ಥರಾದ ನಮ್ಮದಲ್ಲ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಆದರೆ ಪ್ರೇಷಿತರ ಕಾಲದಲ್ಲೇ ಅಕ್ವಿಲ ಮತ್ತು ಪ್ರಿಸ್ಸಿಲ ಎಂಬ ದಂಪತಿ ರೋಮಿನಿಂದ ಹೊರಬಿದ್ದು ಕೊರಿಂಥದಲ್ಲಿ ಗುಡಾರ ಹೊಲಿಯುತ್ತಾ ಸಂತ ಪೌಲರನ್ನು ತಮ್ಮ ಮನೆಯಲ್ಲಿ ಇರಿಸಿಕೊಂಡಿದ್ದರು (ಪ್ರೇಷಿತರ ಕಾರ್ಯಕಲಾಪಗಳು 18). ಅವರು ಮನೆಯ ಬಾಗಿಲನ್ನೂ ಕಸುಬನ್ನೂ ಪ್ರಭುವಿಗೆ ಒಪ್ಪಿಸಿದವರು.

ಈ ವಾರದ ಅಧ್ಯಯನಕ್ಕೆ ನಮಗೆ ಹತ್ತಿರದ ಕಾಲದ, ನಮ್ಮ ದೇಶದ ನೆಲದಲ್ಲೇ ಬದುಕಿದ ಅಂಥದೊಂದು ಕುಟುಂಬವನ್ನು ತೆಗೆದುಕೊಳ್ಳೋಣ. ಅವರಿಗೆ ಪರದೇಶವೆಂದರೆ ನಮ್ಮ ಭಾರತ. ಅವರು ಆಸ್ಟ್ರೇಲಿಯದಿಂದ ಬಂದ ಸ್ಟೇನ್ಸ್ ಕುಟುಂಬದವರು. ಅವರ ಹೆಸರು ಕೇಳಿದೊಡನೆ ಹಿರಿಯರಿಗೆ 1999ರ ಜನವರಿಯ ಆ ಒಂದು ರಾತ್ರಿ ನೆನಪಾಗುತ್ತದೆ. ಆ ರಾತ್ರಿಗಿಂತ ಮುಂಚೆ ಅವರು ಸವೆಸಿದ ಮೂವತ್ತನಾಲ್ಕು ವರ್ಷಗಳ ಹಗಲುಗಳನ್ನು ನೆನೆಯುವವರು ಕಡಿಮೆ. ನಮಗೆ ಪಾಠವಿರುವುದು ಆ ಹಗಲುಗಳಲ್ಲಿ.

ಬಾರಿಪದದ ಮನೆ

ಒಡಿಶಾದ ಉತ್ತರದ ಅಂಚಿನಲ್ಲಿ ಮಯೂರ್‌ಭಂಜ್ ಜಿಲ್ಲೆ ಇದೆ. ಸಂತಾಲ, ಹೋ ಮೊದಲಾದ ಬುಡಕಟ್ಟು ಜನರ ನಾಡು ಅದು. ಜಿಲ್ಲಾ ಕೇಂದ್ರವಾದ ಬಾರಿಪದದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಒಂದು ಸಣ್ಣ ಪ್ರಾಟೆಸ್ಟೆಂಟ್ ಮಿಷನ್ ನೆಲೆಯೂರಿತ್ತು. ಕುಷ್ಠರೋಗಿಗಳ ಆಶ್ರಯಧಾಮವನ್ನು ನಡೆಸುವುದು ಅದರ ಮುಖ್ಯ ಕೆಲಸ. ಗ್ರಹಾಂ ಸ್ಟೇನ್ಸ್ ಅಲ್ಲಿಗೆ ಬಂದದ್ದು 1965ರಲ್ಲಿ. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಊರು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್. ಬಂದವರು ಒಡಿಯಾ ಭಾಷೆಯನ್ನು ಚೆನ್ನಾಗಿ ಕಲಿತರು. ಹೋ ಭಾಷೆಯ ಬೈಬಲ್ ಅನುವಾದಕ್ಕೂ ನೆರವಾದರು.

ಗ್ಲ್ಯಾಡಿಸ್ ಕೂಡ ಕ್ವೀನ್ಸ್‌ಲ್ಯಾಂಡಿನವರೇ, ತರಬೇತಿ ಪಡೆದ ದಾದಿ. ಇಬ್ಬರ ಭೇಟಿಯಾದದ್ದು 1981ರಲ್ಲಿ, ಅದೂ ಸ್ವದೇಶದಲ್ಲಲ್ಲ, ಭಾರತದಲ್ಲಿ. 1983ರಲ್ಲಿ ಮದುವೆಯಾಯಿತು. ಎಸ್ತರ್ ಎಂಬ ಮಗಳು, ಫಿಲಿಪ್ ಮತ್ತು ತಿಮೊಥಿ ಎಂಬ ಇಬ್ಬರು ಗಂಡುಮಕ್ಕಳು ಹುಟ್ಟಿದರು. ರೋಗಿಗಳೇ ಅವರ ನೆರೆಹೊರೆ.

ಇವರು ಕಥೋಲಿಕರಲ್ಲವಲ್ಲ ಎಂದು ಯಾರಾದರೂ ಕೇಳಬಹುದು. 1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಕ್ರೈಸ್ತರ ಐಕ್ಯವನ್ನು ಕುರಿತು ಹೊರಡಿಸಿದ ಆದೇಶಪತ್ರ, ನಮ್ಮಿಂದ ಅಗಲಿರುವ ಸೋದರರಲ್ಲಿ ಕ್ರಿಸ್ತನ ವರಗಳನ್ನು ಕಂಡಾಗ ಸಂತೋಷದಿಂದ ಒಪ್ಪಿಕೊಳ್ಳಬೇಕೆಂದು ಬೋಧಿಸಿದೆ. 2000ನೇ ಜುಬಿಲಿ ವರ್ಷದ ಮೇ 7ರಂದು ಜಗದ್ಗುರು ಎರಡನೇ ಜಾನ್ ಪೌಲರು ರೋಮಿನ ಕೊಲೊಸಿಯಂ ಬಳಿ ಇಪ್ಪತ್ತನೆಯ ಶತಮಾನದ ವಿಶ್ವಾಸದ ಸಾಕ್ಷಿಗಳನ್ನು ಸ್ಮರಿಸಿದಾಗ, ಬೇರೆ ಬೇರೆ ಕ್ರೈಸ್ತ ಸಭೆಗಳ ಪ್ರತಿನಿಧಿಗಳನ್ನೂ ಜೊತೆಗೆ ಕರೆದುಕೊಂಡೇ ಪ್ರಾರ್ಥಿಸಿದರು. ಅಷ್ಟು ಸಾಕು.

ನೋವಿಲ್ಲದ ಕಾಲು

ಕುಷ್ಠರೋಗಿಯ ಆರೈಕೆ ಎಂದರೆ ಏನೆಂದು ತಿಳಿಯದೆ ಈ ಕುಟುಂಬದ ಬದುಕು ಅರ್ಥವಾಗದು. ರೋಗಾಣುವನ್ನು 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸನ್ ಕಂಡುಹಿಡಿದರು. ಅದು ಚರ್ಮವನ್ನೂ ನರಗಳನ್ನೂ ಹಿಡಿಯುತ್ತದೆ. ಬೆರಳುಗಳು ರೋಗದಿಂದ ತಾವಾಗಿ ಉದುರಿ ಬೀಳುತ್ತವೆ ಎಂಬುದು ಜನರ ತಪ್ಪು ಕಲ್ಪನೆ. ನರ ಸತ್ತ ಕೈಗೆ, ಕಾಲಿಗೆ ನೋವು ತಿಳಿಯದು. ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದರೂ ಸುಟ್ಟದ್ದು ಗೊತ್ತಾಗದು. ಚಪ್ಪಲಿಯೊಳಗೆ ಮುಳ್ಳು ಹೊಕ್ಕರೂ ದಿನವಿಡೀ ನಡೆಯುತ್ತಾರೆ. ಗಾಯ ಹುಣ್ಣಾಗಿ, ಹುಣ್ಣು ಮೂಳೆಗೆ ಇಳಿದು, ಅಂಗ ಮೊಟಕಾಗುತ್ತದೆ.

ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ಪೌಲ್ ಬ್ರಾಂಡ್ ಇದನ್ನು ಜಗತ್ತಿಗೆ ತೋರಿಸಿಕೊಟ್ಟ ಶಸ್ತ್ರವೈದ್ಯರು. ಕೆಲವು ರೋಗಿಗಳ ಬೆರಳು ರಾತ್ರಿ ಬೆಳಗಾಗುವುದರೊಳಗೆ ಮೊಟಕಾಗುವುದೇಕೆ ಎಂದು ಹುಡುಕಿದಾಗ, ಮಲಗಿದ್ದವರ ಬೆರಳನ್ನು ಇಲಿಗಳು ಕಡಿಯುತ್ತಿದ್ದುದು ಬೆಳಕಿಗೆ ಬಂತು. ನೋವೇ ಇಲ್ಲದವನಿಗೆ ಎಚ್ಚರವಾಗುವುದಾದರೂ ಹೇಗೆ? ಅಲ್ಲಿಂದಾಚೆಗೆ ಮನೆಗೆ ಮರಳುವ ರೋಗಿಗಳ ಕೈಗೆ ಒಂದೊಂದು ಬೆಕ್ಕನ್ನು ಕೊಟ್ಟು ಕಳಿಸುತ್ತಿದ್ದರಂತೆ. ನೋವನ್ನು ದೇವರ ವರವೆಂದು ಕರೆದ ವೈದ್ಯರು ಇವರು.

ಹೀಗಾಗಿ ಆರೈಕೆ ಎಂಬುದು ದೊಡ್ಡ ಸಾಹಸವಲ್ಲ, ದಿನವೂ ಮಾಡಬೇಕಾದ ಸಣ್ಣ ಕೆಲಸ. ಕಾಲುಗಳನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಬೇಕು. ಗಟ್ಟಿಯಾದ ಚರ್ಮವನ್ನು ಒರಟು ಕಲ್ಲಿನಿಂದ ಉಜ್ಜಿ ತೆಗೆಯಬೇಕು. ಒದ್ದೆ ಆರುವ ಮುಂಚೆ ಎಣ್ಣೆ ಸವರಬೇಕು. ಕೀವು ಕಟ್ಟಿದ ಹುಣ್ಣನ್ನು ತೊಳೆದು ಬಟ್ಟೆ ಕಟ್ಟಬೇಕು. ನಾಳೆ ಮತ್ತೆ ಅದೇ. ವಾಸನೆ ಬರುತ್ತದೆ, ಮುಖ ತಿರುಗಿಸುವಂತಿಲ್ಲ, ಏಕೆಂದರೆ ಆ ರೋಗಿ ಮೊದಲು ನೋಡುವುದೇ ನಮ್ಮ ಮುಖವನ್ನು. ಪತ್ರಿಕೆಯಲ್ಲಿ ಸುದ್ದಿಯಾಗುವ ಕೆಲಸವಲ್ಲ ಇದು.

ರೋಗ ವಾಸಿಯಾದ ಮೇಲೆಯೂ ಮನೆಯವರು ಒಳಗೆ ಸೇರಿಸದಿದ್ದರೆ? ಅಲ್ಲಿಯೇ ನಿಜವಾದ ಸಂಕಟ. ಬಾರಿಪದದ ಧಾಮದಲ್ಲಿ ರೋಗಿಗಳಿಗೆ ಸಬಾಯ್ ಹುಲ್ಲಿನ ಹಗ್ಗದಿಂದ ಚಾಪೆ ಹೆಣೆಯುವುದನ್ನೂ ಬುಟ್ಟಿ ಮಾಡುವುದನ್ನೂ ಗ್ರಹಾಂ ಕಲಿಸುತ್ತಿದ್ದರು. ಭಿಕ್ಷೆಗೆ ಚಾಚಿದ್ದ ಕೈಗೆ ಕಸುಬು ಸಿಕ್ಕರೆ ಮನುಷ್ಯನ ಮುಖದ ಕಳೆಯೇ ಬೇರೆ.

ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯವನ್ನು (1:40-45) ಈ ಹಿನ್ನೆಲೆಯಲ್ಲಿ ಮನೆಯಲ್ಲಿ ಓದಿ ನೋಡಿ. ಯಾಜಕಕಾಂಡದ ಕಟ್ಟಳೆಯಂತೆ ಕುಷ್ಠರೋಗಿ ಪಾಳೆಯದ ಹೊರಗೇ ಇರಬೇಕು, ಯಾರೂ ಮುಟ್ಟುವಂತಿಲ್ಲ. ಪ್ರಭು ಯೇಸು ಮಾತಿನಿಂದಲೇ ಗುಣಪಡಿಸಬಲ್ಲವರಾಗಿದ್ದರು. ಆದರೂ ಮೊದಲು ಕೈ ಚಾಚಿ ಮುಟ್ಟಿದರು, ಆಮೇಲೆ ಮಾತಾಡಿದರು. ಆ ಕ್ರಮ ಗಮನಿಸತಕ್ಕದ್ದು. ಅವನ ರೋಗ ಇನ್ನೂ ಮೈಮೇಲಿದ್ದಾಗಲೇ ಅವನಿಗೆ ಆ ಸ್ಪರ್ಶ ದೊರೆಯಿತು.

ಮಕ್ಕಳು ತೆತ್ತ ಬೆಲೆ

ಮಿಷನರಿ ಕುಟುಂಬದ ತಂದೆತಾಯಿಗಳನ್ನು ಹೊಗಳುವವರು ಮಕ್ಕಳನ್ನು ಮರೆಯುತ್ತಾರೆ. ಕರೆ ಬಂದದ್ದು ಹೆತ್ತವರಿಗೆ, ಮಕ್ಕಳನ್ನು ಯಾರೂ ಕೇಳಿರುವುದಿಲ್ಲ. ಸ್ಟೇನ್ಸ್ ದಂಪತಿಯ ಮಕ್ಕಳು ಓದುತ್ತಿದ್ದದ್ದು ಬಾರಿಪದದಲ್ಲಲ್ಲ, ಬಲು ದೂರದ ಊಟಿಯ ವಸತಿ ಶಾಲೆಯಲ್ಲಿ. ರಜೆ ಬಂದಾಗ ಮಾತ್ರ ಮನೆ.

ಮೇಲೆ ಹೇಳಿದ ಡಾ. ಬ್ರಾಂಡ್ ಅವರ ಕಥೆ ಇನ್ನೂ ಕಠಿಣ. ಅವರು 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗೆ ಹುಟ್ಟಿದವರು. ಒಂಬತ್ತನೆಯ ವಯಸ್ಸಿನಲ್ಲಿ ಓದಿಗೆಂದು ಇಂಗ್ಲೆಂಡಿಗೆ ಕಳಿಸಿದರು. 1929ರಲ್ಲಿ ತಂದೆ ಜೆಸ್ಸಿ ಬ್ರಾಂಡ್ ಬೆಟ್ಟದ ಮೇಲೆಯೇ ಜ್ವರದಿಂದ ತೀರಿಕೊಂಡರು. ಕಳಿಸಿಕೊಟ್ಟ ತಂದೆಯನ್ನು ಮಗ ಮತ್ತೆ ನೋಡಲೇ ಇಲ್ಲ. ತಾಯಿ ಎವೆಲಿನ್ ಮಾತ್ರ ಬೆಟ್ಟಗಳನ್ನು ಬಿಡದೆ, ಮುಪ್ಪಿನಲ್ಲೂ ಹಳ್ಳಿಯಿಂದ ಹಳ್ಳಿಗೆ ಹೋಗುತ್ತಾ 1974ರವರೆಗೆ ಬದುಕಿದರು. ಸೇವೆಯ ಹೆಸರಿನಲ್ಲಿ ಮಕ್ಕಳನ್ನು ದೂರವಿಡುವುದು ಸರಿಯೇ ಎಂಬ ಪ್ರಶ್ನೆಗೆ ಸುಲಭದ ಉತ್ತರವಿದೆ ಎಂದು ನನಗೆ ಅನ್ನಿಸುವುದಿಲ್ಲ. ದುಬೈಯಲ್ಲೋ ಕುವೈತಿನಲ್ಲೋ ದುಡಿಯುತ್ತಾ ಮಕ್ಕಳನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟಿರುವ ನಮ್ಮ ಕರಾವಳಿಯ ಅಪ್ಪ ಅಮ್ಮಂದಿರಿಗೆ ಈ ಸಂಕಟ ಹೇಳಿಕೊಡಬೇಕಾಗಿಲ್ಲ.

ಆ ರಾತ್ರಿ, ಮತ್ತು ಆಮೇಲೆ

1999ರ ಜನವರಿಯಲ್ಲಿ ಮಕ್ಕಳು ರಜೆಗೆ ಬಂದಿದ್ದರು. ಪಕ್ಕದ ಕಿಯೋಂಝರ್ ಜಿಲ್ಲೆಯ ಮನೋಹರಪುರ ಎಂಬ ಹಳ್ಳಿಯಲ್ಲಿ ಆ ಭಾಗದ ಕ್ರೈಸ್ತರ ವಾರ್ಷಿಕ ಶಿಬಿರ. ಗ್ರಹಾಂ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಹೋದರು. ತಾಯಿ, ಮಗಳು ಬಾರಿಪದದಲ್ಲಿ ಉಳಿದರು. ಚಳಿ ಜೋರಾಗಿದ್ದುದರಿಂದ ತಂದೆ ಮಕ್ಕಳು ವಾಹನದಲ್ಲೇ ಮಲಗಿದ್ದರು. ಜನವರಿ 22ರ ನಡುರಾತ್ರಿ ಕಳೆದ ಮೇಲೆ ಒಂದು ಗುಂಪು ಬಂದು ವಾಹನಕ್ಕೆ ಬೆಂಕಿ ಹಚ್ಚಿತು. ಅವರನ್ನು ಹೊರಬರಗೊಡಲಿಲ್ಲ. ಗ್ರಹಾಂ ಅವರಿಗೆ ಐವತ್ತೆಂಟು, ಫಿಲಿಪನಿಗೆ ಹತ್ತು, ತಿಮೊಥಿಗೆ ಆರು ವರ್ಷ. ಇದಕ್ಕಿಂತ ಹೆಚ್ಚು ವಿವರಿಸುವುದು ಬೇಡ.

ಗಂಡನನ್ನೂ ಇಬ್ಬರು ಮಕ್ಕಳನ್ನೂ ಒಂದೇ ರಾತ್ರಿ ಕಳೆದುಕೊಂಡ ಗ್ಲ್ಯಾಡಿಸ್, ಕೊಂದವರನ್ನು ಕ್ಷಮಿಸಿರುವುದಾಗಿ ಹೇಳಿದರು. ಅಂತ್ಯಸಂಸ್ಕಾರದಲ್ಲಿ ತಾಯಿ ಮತ್ತು ಹದಿಮೂರು ವರ್ಷದ ಮಗಳು ಪುನರುತ್ಥಾನದ ಭರವಸೆಯ ಗೀತೆಯೊಂದನ್ನು ಹಾಡಿದರು. ದೇಶವೇ ಬೆರಗಾಯಿತು. ಕೆಲವರು ಇದನ್ನು ಪವಾಡವೆಂದರು. ನಂಬದವರೂ ಇದ್ದರು, ಆಘಾತದಲ್ಲಿ ಆಡಿದ ಮಾತಿರಬೇಕು ಎಂದುಕೊಂಡವರು.

ನಂಬದವರಿಗೆ ಉತ್ತರವಾದದ್ದು ಮುಂದಿನ ಐದು ವರ್ಷಗಳು. ಗ್ಲ್ಯಾಡಿಸ್ ಗಂಟುಮೂಟೆ ಕಟ್ಟಿ ಸ್ವದೇಶಕ್ಕೆ ಹೊರಟುಬಿಡಲಿಲ್ಲ. ಧಾಮದಲ್ಲಿ ರೋಗಿಗಳಿದ್ದರು, ಹುಣ್ಣುಗಳಿದ್ದವು. ಕೆಲಸ ಮುಂದುವರಿಯಿತು. ಗಂಡನ ಹೆಸರಿನಲ್ಲಿ ಬಾರಿಪದದಲ್ಲೇ ಒಂದು ಆಸ್ಪತ್ರೆ 2004ರಲ್ಲಿ ಬಾಗಿಲು ತೆರೆಯಿತು. ಅದೇ ವರ್ಷ ಅವರು ಆಸ್ಟ್ರೇಲಿಯಕ್ಕೆ ಮರಳಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು.

ಕ್ಷಮೆ ಎಂದರೆ ಕೊಲೆಗಾರರನ್ನು ಬಿಟ್ಟುಬಿಡಿ ಎಂದು ಹೇಳಿದಂತೆಯೇ? ಇಲ್ಲ. ನನ್ನ ಮನಸ್ಸಿನಲ್ಲಿ ಕಹಿಯಿಲ್ಲ, ಆದರೆ ಕಾನೂನು ತನ್ನ ಹಾದಿಯಲ್ಲಿ ನಡೆಯಲಿ ಎಂಬುದು ಗ್ಲ್ಯಾಡಿಸರ ನಿಲುವಾಗಿತ್ತು. ಕಾನೂನು ನಡೆಯಿತು ಕೂಡ. ವಿಚಾರಣಾ ನ್ಯಾಯಾಲಯ 2003ರಲ್ಲಿ ಮುಖ್ಯ ಅಪರಾಧಿ ದಾರಾ ಸಿಂಗ್‌ಗೆ ಮರಣದಂಡನೆ ವಿಧಿಸಿತು. 2005ರಲ್ಲಿ ಒಡಿಶಾ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಪ್ರತೀಕಾರದ ಆಸೆಯನ್ನು ಬಿಡುವುದು ಕ್ಷಮಿಸುವವರ ಕೆಲಸ. ತಪ್ಪಿಗೆ ಶಿಕ್ಷೆ ಕೊಟ್ಟು ಇತರರನ್ನು ಕಾಪಾಡುವುದು ರಾಜ್ಯದ ಕೆಲಸ. ನಮ್ಮ ಪ್ರವಚನಗಳಲ್ಲಿ ಇವೆರಡನ್ನೂ ಕಲಸಿ ಹೇಳುವುದರಿಂದಲೇ, ಗಂಡನ ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ ಸುಮ್ಮನೆ ಕ್ಷಮಿಸಿಬಿಡಮ್ಮ ಎಂದು ಹೇಳಿ ಕಳಿಸುವ ಪದ್ಧತಿ ಬಂದಿದೆ. ಅದು ಶುಭಸಂದೇಶದ ಕ್ಷಮೆಯಲ್ಲ.

ಹಾಗಾದರೆ ಗ್ಲ್ಯಾಡಿಸರಿಗೆ ಆ ಶಕ್ತಿ ಎಲ್ಲಿಂದ ಬಂತು? ದೇವರ ಕೃಪೆ ಎನ್ನುವುದು ಸರಿಯಾದ ಉತ್ತರವೇ. ಆದರೆ ಕೃಪೆ ಆಕಾಶದಿಂದ ಒಮ್ಮೆಲೇ ಬಿದ್ದದ್ದಲ್ಲ ಎಂದು ನನಗೆ ತೋರುತ್ತದೆ. ಜಗತ್ತು ಹೊರಗೆ ಹಾಕಿದವರ ಕಾಲನ್ನು ವರ್ಷಾನುಗಟ್ಟಲೆ ಕೈಯಲ್ಲಿ ಹಿಡಿದ ಮನೆ ಅದು. ಅಸಹ್ಯವನ್ನು ದಾಟಿ ಮನುಷ್ಯನನ್ನು ನೋಡುವ ಅಭ್ಯಾಸ ಆ ಮನೆಯಲ್ಲಿ ದಿನನಿತ್ಯದ್ದು. ಸಂತ ಪೇತ್ರರು ಎಷ್ಟು ಸಲ ಕ್ಷಮಿಸಬೇಕೆಂದು ಕೇಳಿದಾಗ ಪ್ರಭು ಲೆಕ್ಕವೇ ಇಡಲಾಗದ ಸಂಖ್ಯೆಯೊಂದನ್ನು ಹೇಳಿದ್ದು (ಮತ್ತಾಯ 18:21-22) ಏಕೆ? ಹುಣ್ಣಿಗೆ ಕಟ್ಟಿದ ಬಟ್ಟೆಯಂತೆ ಕ್ಷಮೆಯನ್ನೂ ನಾಳೆ ಬಿಚ್ಚಿ, ತೊಳೆದು, ಹೊಸದಾಗಿ ಕಟ್ಟಬೇಕಾಗುತ್ತದೆ.

ಆಸ್ತಿ ಪಾಲಿನಲ್ಲಿ ಒಂದು ಗೋಡೆಗಾಗಿ ಮುನಿಸಿಕೊಂಡು, ಭಾನುವಾರದ ಬಲಿಪೂಜೆಯಲ್ಲಿ ಬೇರೆ ಬೇರೆ ಸಾಲಿನಲ್ಲಿ ಕೂರುವ ಅಣ್ಣತಮ್ಮಂದಿರು ನಮ್ಮ ಧರ್ಮಕೇಂದ್ರಗಳಲ್ಲಿಲ್ಲವೇ? ಅವರಿಗೆ ಬಾರಿಪದದ ವಿಧವೆಯ ಎತ್ತರ ತೋರಿಸಿದರೆ ಹೆದರಿಕೆಯಾಗಬಹುದು. ಅವಳ ನಿತ್ಯದ ಕೆಲಸ ತೋರಿಸಿದರೆ ಕೈಗೆಟುಕಬಹುದು. ಮೊದಲ ದಿನಕ್ಕೆ ಒಂದು ನಮಸ್ಕಾರ ಸಾಕು.

ನಮ್ಮ ಊರಿನಲ್ಲಿ

ಕುಷ್ಠರೋಗಿಗಳ ಸೇವೆ ಕರ್ನಾಟಕದ ಧರ್ಮಸಭೆಗೆ ಹೊಸತಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ 1890ರಲ್ಲೇ ಕುಷ್ಠರೋಗಿಗಳಿಗೆ ಆಶ್ರಯ ತೆರೆದರು. ಬೆಂಗಳೂರಿನ ಸುಮನಹಳ್ಳಿಯನ್ನು ಬಲ್ಲವರು ಅನೇಕರು.

ರೋಗ ಮುಗಿದುಹೋಗಿದೆ ಎಂದು ಹಲವರು ಭಾವಿಸಿದ್ದಾರೆ. 2005ರ ಕೊನೆಗೆ ಹತ್ತು ಸಾವಿರ ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಮಟ್ಟವನ್ನು ದೇಶ ಮುಟ್ಟಿದ್ದು ನಿಜ. ಆದರೂ ಇತ್ತೀಚಿನ ವರ್ಷಗಳಲ್ಲೂ ಭಾರತದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಪತ್ತೆಯಾಗಿದ್ದಾರೆ. ಇನ್ನೊಂದು ಸಂಗತಿ ಕುಟುಂಬಗಳು ತಿಳಿಯಬೇಕಾದ್ದು. ಸಂಗಾತಿಗೆ ಕುಷ್ಠರೋಗವಿದೆ ಎಂಬುದನ್ನೇ ಕಾರಣವಾಗಿ ತೋರಿಸಿ ವಿಚ್ಛೇದನ ಕೇಳಲು ನಮ್ಮ ದೇಶದ ವೈಯಕ್ತಿಕ ಕಾನೂನುಗಳಲ್ಲಿ ಅವಕಾಶವಿತ್ತು, ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯಲ್ಲೂ ಸೇರಿಕೊಂಡಿತ್ತು. 2019ರಲ್ಲಿ ಸಂಸತ್ತು ತಿದ್ದುಪಡಿ ತಂದು ಅದನ್ನು ತೆಗೆದುಹಾಕಿತು.

ಮೈಮೇಲೆ ಬಣ್ಣಗೆಟ್ಟ ಮಚ್ಚೆಯಿದ್ದು, ಅಲ್ಲಿ ಮುಟ್ಟಿದರೆ ಸ್ಪರ್ಶ ತಿಳಿಯದಿದ್ದರೆ, ಅಥವಾ ಕೈಕಾಲು ಜೋಮು ಹಿಡಿದಂತಿದ್ದರೆ ಮುಚ್ಚಿಡಬೇಡಿ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಔಷಧ ಉಚಿತ. ರೋಗದ ಬಗೆ ನೋಡಿ ಆರು ತಿಂಗಳು ಇಲ್ಲವೇ ಒಂದು ವರ್ಷ ತಪ್ಪದೆ ನುಂಗಬೇಕು. ಮಾತ್ರೆ ಆರಂಭಿಸಿದ ಸ್ವಲ್ಪ ಕಾಲದಲ್ಲೇ ರೋಗಿಯಿಂದ ಇತರರಿಗೆ ಹರಡುವ ಭಯ ಇಲ್ಲವಾಗುತ್ತದೆ. ಅವರಿಗೆ ಪ್ರತ್ಯೇಕ ತಟ್ಟೆ, ಪ್ರತ್ಯೇಕ ಲೋಟ ಇಡಬೇಕಾಗಿಲ್ಲ.