ಜೀಪಿನ ಪ್ಲೇಟ್ ಬದಲಾವಣೆ: ‘ಬಲ ಮತ್ತು ಒತ್ತಡ’ಕ್ಕೊಂದು ಪಾಠ

8ನೆಯ ತರಗತಿಯ ‘ಬಲ ಮತ್ತು ಒತ್ತಡ’ ಘಟಕಕ್ಕೆ ಸ್ಪಂಜು, ರಬ್ಬರ್ ಬ್ಯಾಂಡು, ಮೊಳೆಗಳೇ ನಮ್ಮ ಪಾಠಯೋಜನೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಲ್ಲಿ ಪಾಠಾಭ್ಯಾಸ ಮಾಡುವಾಗ ನಾನು ಜೀಪಿನ ಲೀಫ್ ಸ್ಪ್ರಿಂಗನ್ನು ಆರಿಸಿಕೊಂಡೆ. ತೋಟದ ದಾರಿಯಲ್ಲಿ ಓಡುವ ಹಳೆಯ ಜೀಪಿನ ಪ್ಲೇಟ್ ತುಂಡಾಗುವುದು, ಅದನ್ನು ಅಂಗಳದಲ್ಲೇ ಬದಲಿಸುವುದು ಅಲ್ಲಿನ ಮಕ್ಕಳು ಕಂಡದ್ದೇ. ಪೂರ್ವಜ್ಞಾನವನ್ನು ಹುಡುಕಬೇಕಾಗಿರಲಿಲ್ಲ.

ಉಪಕರಣಕ್ಕೆ ಖರ್ಚಿಲ್ಲ. 60, 45, 30 ಸೆಂ.ಮೀ. ಉದ್ದದ ಮೂರು ತೆಳು ಬಿದಿರು ದಬ್ಬೆಗಳನ್ನು ಒಂದರ ಮೇಲೊಂದಿಟ್ಟು ನಡುವೆ ತಂತಿ ಬಿಗಿದೆ. ಉದ್ದದ ದಬ್ಬೆ ಕೆಳಗಿರುವಂತೆ ಎರಡು ಬೆಂಚುಗಳ ಮೇಲಿಟ್ಟೆ. ಜೀಪಿನಲ್ಲಿರುವುದರ ತಲೆಕೆಳಗು ರೂಪ. ಅಂಚಿಗೆ ಅಡ್ಡವಾಗಿ ಎಳೆದಿದ್ದ ನೇರ ಗೆರೆ, ನಡುವೆ ಒತ್ತಿದಾಗ ಮೆಟ್ಟಿಲಾಯಿತು. ದಬ್ಬೆಗಳು ಒಂದರ ಮೇಲೊಂದು ಜಾರುತ್ತವೆ, ಆ ಘರ್ಷಣೆ ಕುಲುಕಾಟವನ್ನೂ ತಗ್ಗಿಸುತ್ತದೆ ಎಂಬುದನ್ನು ಬಾಯಿಮಾತಿನಲ್ಲಿ ಹೇಳುವ ಅಗತ್ಯವೇ ಬೀಳಲಿಲ್ಲ.

ಬದಲಿಸುವ ಕ್ರಮವನ್ನು ಬರೆಸಿ ಕಂಠಪಾಠ ಮಾಡಿಸುವ ಬದಲು ಪ್ರತಿ ಹೆಜ್ಜೆಗೂ ‘ಏಕೆ?’ ಎಂದು ಕೇಳಿದೆ. ಚಾಸಿಗೆ ಸ್ಟ್ಯಾಂಡ್ ಕೊಡುವ ಮಾತು ಬಂದಾಗ ಒಬ್ಬ ಹುಡುಗ, “ನಮ್ಮನೇಲಿ ಜಂಬಿಟ್ಟಿಗೆ ಕೊಡ್ತಾರೆ ಮೇಡಂ, ಅಪ್ಪಯ್ಯ ಅಡಿಗೆ ಹೋಗ್ತಾರೆ” ಎಂದ. ಅಲ್ಲಿ ಪಾಠ ನಿಂತಿತು, ನಿಲ್ಲಲೇಬೇಕಿತ್ತು. ಗೋಡೆಯಲ್ಲಿ ಭಾರ ಕಲ್ಲಿನ ಮೈಯೆಲ್ಲಾ ಹರಡುತ್ತದೆ. ಜೀಪಿನಡಿ ಅದು ಒಂದು ಅಂಚಿನ ಮೇಲೆ ಬೀಳುತ್ತದೆ. ಕಲ್ಲು ಸೂಚನೆ ಕೊಡದೆ ಒಡೆಯಬಹುದು. ಜ್ಯಾಕಿನ ಬುಡದ ಲೆಕ್ಕವನ್ನು ಮಕ್ಕಳೇ ಮಾಡಿದರು: 4000 ನ್ಯೂಟನ್ ಬಲ 10×10 ಸೆಂ.ಮೀ. ಬುಡದ ಮೇಲೆ ಬಿದ್ದರೆ ಚದರ ಸೆಂ.ಮೀ.ಗೆ 40 ನ್ಯೂಟನ್. 30×30ರ ಹಲಗೆ ಹಾಕಿದರೆ 4.4. ಮಳೆಗಾಲದ ಅಂಗಳದಲ್ಲಿ ಜ್ಯಾಕ್ ಹೂಳುವುದೇಕೆ ಎಂದು ಮತ್ತೆ ಕೇಳಬೇಕಾಗಲಿಲ್ಲ. ಹಲಗೆ ಇದ್ದರೂ ಸ್ಟ್ಯಾಂಡ್ ಬೇಕೇ ಬೇಕು ಎಂಬುದನ್ನು ಮಾತ್ರ ನಾನೇ ಒತ್ತಿ ಹೇಳಿದೆ. ಇಂಥಲ್ಲಿ ಮನೆಯ ಹಿರಿಯರನ್ನು ದೂರದೆ ಲೆಕ್ಕಕ್ಕೇ ಮಾತಾಡಲು ಬಿಡುವುದು ಮೇಲು.

ಯು-ಬೋಲ್ಟ್ ಸಡಿಲಿಸುವ ಮೊದಲು ಆಕ್ಸಲ್‌ಗೆ ಬೇರೆಯೇ ಜ್ಯಾಕ್ ಕೊಡಬೇಕು. ಇಲ್ಲದಿದ್ದರೆ ಅದು ಜೋತುಬಿದ್ದು ಬ್ರೇಕಿನ ಪೈಪನ್ನು ಜಗ್ಗುತ್ತದೆ. ಎರಡೂ ಬದಿಯ ಪ್ಲೇಟ್ ಒಟ್ಟಿಗೆ, ಯು-ಬೋಲ್ಟ್ ಹೊಸದು. ಇವನ್ನು ಬೇಗ ಮುಗಿಸಿದೆ.

ಹೆಚ್ಚು ಸಮಯ ಬೇಡಿದ್ದು ಕೊನೆಯ ಬಿಗಿತ. ರಬ್ಬರ್ ಬುಷ್ ಇರುವ ಶ್ಯಾಕಲ್ ಬೋಲ್ಟನ್ನು ಚಕ್ರ ನೆಲಕ್ಕಿಳಿದು ಪ್ಲೇಟಿನ ಮೇಲೆ ಭಾರ ಬಿದ್ದ ಮೇಲೆಯೇ ಪೂರ್ತಿ ಬಿಗಿಯಬೇಕು. ಹವಾಯಿ ಚಪ್ಪಲಿಯ ತುಂಡಿಗೆ ಬೋಲ್ಟ್ ತೂರಿಸಿ, ವಾಷರ್ ಹಾಕಿ ಬಿಗಿದು ತಿರುಚಿ ತೋರಿಸಿದೆ. ರಬ್ಬರ್ ತಿರುಚಿಕೊಂಡು ಹಿಂದಕ್ಕೆ ಜಗ್ಗಿತು. ಪ್ಲೇಟ್ ಜೋತಾಡುವಾಗಲೇ ಬಿಗಿದರೆ, ಜೀಪ್ ಸುಮ್ಮನೆ ನಿಂತಿದ್ದರೂ ಬುಷ್ ಹೀಗೆ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಮೌಲ್ಯಮಾಪನಕ್ಕೆ ಪ್ರಶ್ನೆ ಬರೆದುಕೊಂಡಿದ್ದೆ. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ತಾನೇ ಕೇಳಿದಳು: “ಬುಷ್ ಹಿತ್ತಾಳೆದಾದ್ರೆ ಮೇಡಂ?” ಉತ್ತರವನ್ನು ತರಗತಿಗೇ ಬಿಟ್ಟೆ. “ಅದು ತಿರುಗ್ತದಲ್ಲ, ತಿರುಚೋದಿಲ್ಲ. ಗ್ರೀಸ್ ಹಾಕ್ಬೇಕು” ಎಂದ, ಜಂಬಿಟ್ಟಿಗೆಯ ಹುಡುಗ.