‘ಆಮೇಲೆ’ ಒತ್ತುವ ಮುನ್ನ: ಸ್ಮಾರ್ಟ್ ಟಿವಿಯ ತಂತ್ರಾಂಶ ತಿಳಿಯೋಣ



ಶಾಲೆಯಲ್ಲೋ ಮನೆಯಲ್ಲೋ ಸ್ಮಾರ್ಟ್ ಟಿವಿ ಹಚ್ಚಿದಾಗ ಒಮ್ಮೊಮ್ಮೆ ಪರದೆಯ ಮೇಲೆ ಒಂದು ಸೂಚನೆ ಬರುತ್ತದೆ. ಹೊಸ ಸಾಫ್ಟ್‌ವೇರ್ ಬಂದಿದೆ, ಈಗಲೇ ಅಪ್‌ಡೇಟ್ ಮಾಡಬೇಕೋ, ಆಮೇಲೆ ಮಾಡಬೇಕೋ ಎಂದು ಅದು ಕೇಳುತ್ತದೆ. ಪಾಠ ಶುರುವಾಗುವ ಹೊತ್ತು, ಇಲ್ಲವೇ ಕ್ರಿಕೆಟ್ ನಡೆದಿರುವ ಹೊತ್ತು. ನಮ್ಮಲ್ಲಿ ಬಹಳ ಜನ ‘ಆಮೇಲೆ’ ಒತ್ತಿಬಿಡುತ್ತೇವೆ. ಟಿವಿ ಚೆನ್ನಾಗೇ ನಡೀತಿದೆಯಲ್ಲ, ಮತ್ಯಾಕೆ ಅದರ ತಂಟೆ ಅಂತ ಅನಿಸುತ್ತದೆ. ಚೆನ್ನಾಗಿರುವ ಯಂತ್ರಕ್ಕೆ ರಿಪೇರಿ ಯಾಕೆ? ಪ್ರಶ್ನೆ ಒಳ್ಳೆಯದೇ. ಉತ್ತರ ಹುಡುಕೋಣ ಬನ್ನಿ.

ಐವತ್ತು ವರ್ಷದ ಹಿಂದಿನ ಟಿವಿ

ಮೊದಲು ಹಳೆಯ ಟಿವಿ ಹೇಗಿತ್ತು ನೋಡೋಣ. ಹಳ್ಳಿಗೆ ಟಿವಿ ಬಂದ ಕಥೆಯಲ್ಲಿ ನಮ್ಮ ನೆರೆಯ ರಾಯಚೂರು ಸೀಮೆಗೂ ಜಾಗ ಇದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಸಂಸ್ಥೆ ‘ಸೈಟ್’ ಎಂಬ ಪ್ರಯೋಗ ನಡೆಸಿತು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಲಾಯಿತು. ಆ ರಾಜ್ಯಗಳಲ್ಲಿ ಆಂಧ್ರಪ್ರದೇಶ, ಕರ್ನಾಟಕ ಎರಡೂ ಇದ್ದವು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಸೇರಿದ್ದವು. ಸುಮಾರು 3 ಮೀಟರ್ ಅಗಲದ ಜಾಲರಿ ಕೊಡೆಯಂಥ ಆಂಟೆನಾ, ಪಕ್ಕದಲ್ಲಿ ಒಂದು ಟಿವಿ, ಮುಂದೆ ಊರಿಗೆ ಊರೇ.

ಆ ಟಿವಿ ಮಾಡುತ್ತಿದ್ದ ಕೆಲಸ ಒಂದೇ. ಬಂದ ಸಂಕೇತವನ್ನು ಚಿತ್ರ ಮತ್ತು ಧ್ವನಿಯಾಗಿ ತೋರಿಸುವುದು. ಅದಕ್ಕೆ ಏನಾದರೂ ಆದರೆ ಒಂದು ಬಿಡಿಭಾಗ ಕೆಟ್ಟಿದೆ ಎಂದೇ ಅರ್ಥ. ತಂತ್ರಜ್ಞರು ಊರಿಗೆ ಬಂದು ಅದನ್ನು ಬದಲಿಸಬೇಕಿತ್ತು. ಬಿಡಿಭಾಗ ಗಟ್ಟಿ ಇದ್ದು, ಪ್ರಸಾರದ ವಿಧಾನ ಬದಲಾಗದಿದ್ದರೆ ಅಂಥ ಟಿವಿ ಇಪ್ಪತ್ತು ವರ್ಷವೂ ಹಾಗೇ ನಡೆದೀತು.

ಸ್ಮಾರ್ಟ್ ಟಿವಿ ಅಂದರೆ ಕಂಪ್ಯೂಟರ್

ಈಗಿನ ಸ್ಮಾರ್ಟ್ ಟಿವಿ ಹಾಗಲ್ಲ. ಅದು ದೊಡ್ಡ ಪರದೆಯುಳ್ಳ ಒಂದು ಕಂಪ್ಯೂಟರ್. ಲೆಕ್ಕ ಮಾಡುವ ಪ್ರೊಸೆಸರ್, ತಾತ್ಕಾಲಿಕ ನೆನಪಿಗೆ ರ್‍ಯಾಮ್, ಕಾಯಂ ನೆನಪಿಗೆ ಫ್ಲ್ಯಾಶ್ ಮೆಮೊರಿ, ಎಲ್ಲವೂ ಅದರೊಳಗಿವೆ. ಫ್ಲ್ಯಾಶ್ ಮೆಮೊರಿಯ ಪುಟ್ಟ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟು ಮಾಹಿತಿ ಉಳಿಸುತ್ತಾರೆ. ಕರೆಂಟ್ ಹೋದರೂ ಅದು ಅಳಿಯುವುದಿಲ್ಲ. ನಿಮ್ಮ ಪೆನ್‌ಡ್ರೈವ್‌ನಲ್ಲಿ ಇರುವುದೂ ಇದೇ.

ಟಿವಿಯನ್ನು ನಡೆಸುವ ಮುಖ್ಯ ತಂತ್ರಾಂಶ ಈ ಫ್ಲ್ಯಾಶ್ ಮೆಮೊರಿಯಲ್ಲಿ ಕೂತಿರುತ್ತದೆ. ಬೇರೆ ಬೇರೆ ಕಂಪನಿಗಳ ಟಿವಿಗಳಲ್ಲಿ ಅದಕ್ಕೆ ಬೇರೆ ಬೇರೆ ಹೆಸರು. ಗೂಗಲ್‌ನದು ಆಂಡ್ರಾಯ್ಡ್ ಟಿವಿ, ಸ್ಯಾಮ್‌ಸಂಗ್‌ನದು ಟೈಜೆನ್, ಎಲ್‌ಜಿಯದು ವೆಬ್‌ಓಎಸ್. ಹೆಸರು ಮೂರಾದರೂ ತಳಪಾಯ ಒಂದೇ, 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಶುರುಮಾಡಿದ ಲಿನಕ್ಸ್.

ಟಿವಿ ಬದಲಾಗಲಿಲ್ಲ, ಹೊರಗಿನ ಲೋಕ ಬದಲಾಯಿತು

ಈಗ ನಮ್ಮ ಪ್ರಶ್ನೆಗೆ ಬರೋಣ. ಸ್ಮಾರ್ಟ್ ಟಿವಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ದೂರದ ಸರ್ವರುಗಳ ಜೊತೆ ಅದು ಮಾತಾಡಬೇಕು. ಆ ಕಡೆಯವರು ಮಾತಿನ ರೀತಿ ಬದಲಿಸಿದರೆ, ಈ ಕಡೆಯ ಟಿವಿಯೂ ಕಲಿಯಬೇಕು. ಕಲಿಯದಿದ್ದರೆ ಟಿವಿ ಕೆಡದೇ ಇದ್ದರೂ ಕೆಲಸಕ್ಕೆ ಬಾರದು. ಮೂರು ಉದಾಹರಣೆ ನೋಡಿ.

ಒಂದು, ಆ್ಯಪ್‌ಗಳು. ಯೂಟ್ಯೂಬ್ ತನ್ನ ಸರ್ವರಿನ ಜೊತೆ ಮಾತಾಡುವ ಹಳೆಯ ವಿಧಾನವನ್ನು 2015ರ ಏಪ್ರಿಲ್‌ನಲ್ಲಿ ಕೈಬಿಟ್ಟಿತು. 2012ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾಗಿದ್ದ ಹಲವು ಟಿವಿಗಳಲ್ಲಿ ಅದರ ಆ್ಯಪ್ ನಿಂತುಹೋಯಿತು. ಪರದೆ, ಸ್ಪೀಕರ್ ಎಲ್ಲ ಸರಿಯಾಗಿದ್ದವು.

ಎರಡು, ಪ್ರಮಾಣಪತ್ರ. ‘ನಾನೇ ನಿಜವಾದ ಯೂಟ್ಯೂಬ್’ ಎಂದು ಸರ್ವರ್ ಹೇಳಿದರೆ ಟಿವಿ ಸುಮ್ಮನೆ ನಂಬುವುದಿಲ್ಲ. ಗುರುತಿನ ಚೀಟಿ ಕೇಳುತ್ತದೆ. ಆ ಚೀಟಿಗೆ ರುಜು ಹಾಕಿದವರು ನಂಬಿಕಸ್ಥರೋ ಅಲ್ಲವೋ ಎಂದು ತನ್ನೊಳಗಿನ ಪಟ್ಟಿ ನೋಡುತ್ತದೆ. ಈ ಪಟ್ಟಿಯಲ್ಲಿರುವುದೇ ಮೂಲ ಪ್ರಮಾಣಪತ್ರಗಳು. ಬಸ್ ಪಾಸಿನ ಹಾಗೆ ಅವಕ್ಕೂ ಕೊನೆಯ ದಿನಾಂಕ ಇರುತ್ತದೆ. ಅಂಥ ಒಂದು ಮೂಲ ಪ್ರಮಾಣಪತ್ರದ ಅವಧಿ 2020ರ ಮೇ 30ರಂದು ಮುಗಿಯಿತು. ಅಮೆರಿಕದಲ್ಲಿ ಬಹಳ ಬಳಕೆಯಲ್ಲಿರುವ ರೋಕು ಸಾಧನಗಳಲ್ಲಿ ಆಗ ಕೆಲವು ವಾಹಿನಿಗಳು ಬರಲಿಲ್ಲ. ಇನ್ನೊಂದರ ಅವಧಿ 2021ರ ಸೆಪ್ಟೆಂಬರ್ 30ರಂದು ಮುಗಿದಾಗಲೂ ಹಳೆಯ ತಂತ್ರಾಂಶದ ಅನೇಕ ಸಾಧನಗಳಿಗೆ ತೊಂದರೆಯಾಯಿತು. ಅಪ್‌ಡೇಟ್ ಬಂದರೆ ಹೊಸ ಪಟ್ಟಿ ಬರುತ್ತದೆ.

ಮೂರು, ನಮ್ಮ ಕನ್ನಡ. ಕಂಪ್ಯೂಟರಿಗೆ ಅಕ್ಷರವೆಂದರೆ ಒಂದು ಸಂಖ್ಯೆ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ತೆಲುಗಿಗೆ 3072ರಿಂದ 3199, ಕನ್ನಡಕ್ಕೆ 3200ರಿಂದ 3327. ನಮ್ಮ ಊರುಗಳ ಹಾಗೆ ಅಲ್ಲೂ ಎರಡು ಭಾಷೆ ಅಕ್ಕಪಕ್ಕದ ಮನೆ! ತೆಲುಗಿನ ‘ಕ’ 3093, ಕನ್ನಡದ ‘ಕ’ 3221. ವ್ಯತ್ಯಾಸ ಸರಿಯಾಗಿ 128. ಆದರೆ ಸಂಖ್ಯೆ ಗೊತ್ತಿದ್ದರೆ ಸಾಲದು. ಅಕ್ಷರದ ಆಕಾರ, ಒತ್ತಕ್ಷರ ಕೂಡಿಸುವ ನಿಯಮ ಎರಡೂ ಟಿವಿಯ ತಂತ್ರಾಂಶದಲ್ಲಿ ಇರಬೇಕು. ಇಲ್ಲದಿದ್ದರೆ ‘ವಿಜ್ಞಾನ’ ಎಂದು ಬರಬೇಕಾದಲ್ಲಿ ಖಾಲಿ ಚೌಕಗಳು ಬರುತ್ತವೆ, ಇಲ್ಲವೇ ಒತ್ತು ಬಿಡಿಬಿಡಿಯಾಗಿ ಕಾಣುತ್ತದೆ. ಇಂಥ ಕೊರತೆ ನೀಗುವುದೂ ಅಪ್‌ಡೇಟ್‌ನಿಂದಲೇ.

ಮಾನೋಪಾಡು, ಗದ್ವಾಲ, ಮಕ್ತಲ್, ನಾರಾಯಣಪೇಟೆ ಕಡೆ ಕನ್ನಡದಲ್ಲಿ ಓದುವ ನಮಗೆ ಇದು ಸಣ್ಣ ಮಾತಲ್ಲ. ಟಿ-ಸ್ಯಾಟ್ ವಾಹಿನಿಗಳ ಪಾಠ ಹೆಚ್ಚಾಗಿ ತೆಲುಗಿನಲ್ಲಿ ಇರುತ್ತವೆ. ಕನ್ನಡದಲ್ಲಿ ವಿಡಿಯೊ ಪಾಠ ಬೇಕೆಂದರೆ ಯೂಟ್ಯೂಬಿಗೋ ದೀಕ್ಷಾ ವೇದಿಕೆಗೋ ಹೋಗಬೇಕು. ಟಿವಿಯಲ್ಲಿ ಆ ದಾರಿ ಮುಚ್ಚಿದರೆ ಮೊದಲು ನಷ್ಟವಾಗುವುದು ಕನ್ನಡ ಪಾಠಕ್ಕೇ.

ಮಾಡಿ ನೋಡಿ: ಶಾಲೆಯ ಕಂಪ್ಯೂಟರಿನಲ್ಲಿ ಅಥವಾ ಯಾರೂ ಬಳಸದ ಹಳೇ ಫೋನಿನಲ್ಲಿ, ಶಿಕ್ಷಕರ ಎದುರೇ ಇದನ್ನು ಮಾಡಿ. ಸಮಯ ತಾನೇ ಹೊಂದಿಸಿಕೊಳ್ಳುವ ಆಯ್ಕೆ ತೆಗೆದು, ದಿನಾಂಕವನ್ನು ಐದು ವರ್ಷ ಮುಂದಕ್ಕೆ ಇಡಿ. ಈಗ ಒಂದು ಜಾಲತಾಣ ತೆರೆಯಿರಿ. ಎಚ್ಚರಿಕೆ ಬರುತ್ತದೆ, ಪುಟ ತೆರೆಯುವುದಿಲ್ಲ. ಇಂಟರ್ನೆಟ್ ಇದೆ, ಆದರೆ ಯಂತ್ರದ ಲೆಕ್ಕದಲ್ಲಿ ಪ್ರಮಾಣಪತ್ರದ ಅವಧಿ ಮುಗಿದಿದೆ. ದಿನಾಂಕವನ್ನು ಮತ್ತೆ ಸರಿಮಾಡುವುದು ಮರೆಯಬೇಡಿ. ಕೆಲವು ಟಿವಿಗಳಲ್ಲಿ ಕರೆಂಟ್ ಹೋಗಿ ಬಂದಾಗ ಗಡಿಯಾರ ಹಳೆಯ ದಿನಾಂಕಕ್ಕೆ ಜಾರುತ್ತದೆ. ‘ನೆಟ್ ಇದ್ದರೂ ವಿಡಿಯೊ ಬರ್ತಿಲ್ಲ’ ಅಂದರೆ ಮೊದಲು ದಿನಾಂಕ ನೋಡಿ.

ತೂತು ಮುಚ್ಚುವ ಕೆಲಸ

ಅಪ್‌ಡೇಟ್‌ಗೆ ಇನ್ನೊಂದು ಕಾರಣ ಸುರಕ್ಷತೆ. ಲಕ್ಷಾಂತರ ಸಾಲುಗಳ ತಂತ್ರಾಂಶದಲ್ಲಿ ಎಲ್ಲೋ ಒಂದು ತಪ್ಪು ಉಳಿದೇ ಉಳಿಯುತ್ತದೆ. ಕಳ್ಳರಿಗೆ ಅದೇ ಬಾಗಿಲು.

ಎಲ್‌ಜಿ ಟಿವಿಗಳ ವೆಬ್‌ಓಎಸ್‌ನಲ್ಲಿ ಇಂಥ ದೋಷಗಳನ್ನು ಬಿಟ್‌ಡಿಫೆಂಡರ್ ಎಂಬ ಭದ್ರತಾ ಸಂಸ್ಥೆ ಪತ್ತೆಮಾಡಿತು. ಮೊದಲು ಕಂಪನಿಗೆ ಮಾತ್ರ ತಿಳಿಸಿತು. ಕಂಪನಿ 2024ರ ಮಾರ್ಚ್ 22ರಂದು ಅಪ್‌ಡೇಟ್ ಹೊರಡಿಸಿತು. ಆಮೇಲೆ, ಏಪ್ರಿಲ್‌ನಲ್ಲಿ, ಸಂಗತಿ ಲೋಕಕ್ಕೆಲ್ಲ ತಿಳಿಯಿತು. ಇಂಟರ್ನೆಟ್‌ನಿಂದ ನೇರವಾಗಿ ಮುಟ್ಟಬಹುದಾದ ಅಂಥ 91,000ಕ್ಕೂ ಹೆಚ್ಚು ಸಾಧನಗಳು ಆ ಸಂಸ್ಥೆಗೆ ಕಂಡಿದ್ದವು.

ಈ ಕ್ರಮವನ್ನು ಗಮನಿಸಿ. ಮೊದಲು ಅಪ್‌ಡೇಟ್, ನಂತರ ಸುದ್ದಿ. ಅಪ್‌ಡೇಟ್ ಹಾಕಿಸಿಕೊಂಡವರು ಸುದ್ದಿ ಬರುವ ಮೊದಲೇ ಸುರಕ್ಷಿತರು. ‘ಆಮೇಲೆ’ ಒತ್ತಿದವರ ಟಿವಿಯಲ್ಲಿ ತೂತು ಎಲ್ಲಿದೆ ಎಂದು ಈಗ ಕಳ್ಳರಿಗೂ ಗೊತ್ತು! ಸುದ್ದಿ ಬಂದ ಮೇಲೆ ಹಳೆಯ ತಂತ್ರಾಂಶದ ಅಪಾಯ ಹೆಚ್ಚುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ.

ಅಗ್ಗದ ಟಿವಿ ಬಾಕ್ಸುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2024ರ ಸೆಪ್ಟೆಂಬರ್‌ನಲ್ಲಿ ಡಾಕ್ಟರ್ ವೆಬ್ ಸಂಸ್ಥೆ ‘ವೋಯ್ಡ್’ ಎಂಬ ದುಷ್ಟ ತಂತ್ರಾಂಶದ ಬಗ್ಗೆ ವರದಿ ಮಾಡಿತು. ಅದು 197 ದೇಶಗಳ ಸುಮಾರು 13 ಲಕ್ಷ ಆಂಡ್ರಾಯ್ಡ್ ಬಾಕ್ಸುಗಳಲ್ಲಿ ಹೊಕ್ಕಿತ್ತು. ಹೆಸರಿಲ್ಲದ ಬಾಕ್ಸ್ ಕೊಂಡರೆ ಅದಕ್ಕೆ ಅಪ್‌ಡೇಟ್ ಕೊಡುವವರು ಯಾರು ಅಂತ ಮೊದಲು ಕೇಳಬೇಕು.

ಅಪ್‌ಡೇಟ್ ಆಗುವಾಗ ಒಳಗೆ ಏನು ನಡೆಯುತ್ತದೆ?

ನಾಲ್ಕು ಹೆಜ್ಜೆ. ಮೊದಲು ಟಿವಿ ಹೊಸ ತಂತ್ರಾಂಶದ ಕಡತವನ್ನು ಇಳಿಸಿಕೊಳ್ಳುತ್ತದೆ. ಎರಡನೆಯದು ತಪಾಸಣೆ. ಇಡೀ ಕಡತದ ಮೇಲೆ ಒಂದು ಲೆಕ್ಕ ಮಾಡಿ ಚಿಕ್ಕದೊಂದು ‘ಬೆರಳಚ್ಚು’ ತೆಗೆಯುತ್ತದೆ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಈ ಬೆರಳಚ್ಚು ಪೂರ್ತಿ ಬೇರೆ ಆಗುತ್ತದೆ. ಜೊತೆಗೆ ಕಂಪನಿಯ ಡಿಜಿಟಲ್ ರುಜುವನ್ನೂ ನೋಡುತ್ತದೆ. ಹಾದಿಯಲ್ಲಿ ಯಾರಾದರೂ ಕಡತ ತಿದ್ದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಮೂರನೆಯದು ಫ್ಲ್ಯಾಶ್ ಮೆಮೊರಿಗೆ ಬರೆಯುವುದು. ನಾಲ್ಕನೆಯದು ಟಿವಿ ಆರಿ ಮತ್ತೆ ಹತ್ತುವುದು.

ಮೂರನೇ ಹೆಜ್ಜೆಯೇ ನಾಜೂಕು. ಫ್ಲ್ಯಾಶ್ ಮೆಮೊರಿಯಲ್ಲಿ ಹಳೆಯದರ ಮೇಲೆ ನೇರವಾಗಿ ಬರೆಯಲು ಬರುವುದಿಲ್ಲ. ಹಲಗೆ ಒರೆಸಿ ಬರೆದ ಹಾಗೆ, ಮೊದಲು ಒಂದು ಭಾಗವನ್ನು ಅಳಿಸಿ ಆಮೇಲೆ ಬರೆಯಬೇಕು. ಅಳಿಸಿ ಆಯಿತು, ಬರೆಯೋದು ಅರ್ಧ ಆಯಿತು, ಅಷ್ಟರಲ್ಲಿ ಕರೆಂಟ್ ಹೋಯಿತು ಅನ್ನಿ. ಈಗ ಹಳೆಯದೂ ಇಲ್ಲ, ಹೊಸದೂ ಇಲ್ಲ. ಟಿವಿ ಹತ್ತುವುದೇ ಇಲ್ಲ. ಈ ಅಪಾಯ ತಪ್ಪಿಸಲು ಕೆಲವು ಸಾಧನಗಳಲ್ಲಿ ಎರಡು ಕೋಣೆ ಇಟ್ಟಿರುತ್ತಾರೆ. ಒಂದರಲ್ಲಿ ಹಳೆಯ ತಂತ್ರಾಂಶ ನಡೆಯುತ್ತಿರುವಾಗಲೇ ಇನ್ನೊಂದರಲ್ಲಿ ಹೊಸದನ್ನು ಬರೆಯುತ್ತಾರೆ. ಹೊಸದು ಸರಿ ಹತ್ತದಿದ್ದರೆ ಹಳೆಯದಕ್ಕೇ ಮರಳುತ್ತದೆ. ಆಂಡ್ರಾಯ್ಡ್‌ನಲ್ಲಿ ಈ ಏರ್ಪಾಡು 2016ರಲ್ಲಿ, 7ನೇ ಆವೃತ್ತಿಯೊಡನೆ ಬಂತು. ಆದರೆ ಎಲ್ಲ ಟಿವಿಗಳಲ್ಲೂ ಇದು ಇಲ್ಲ.

ಸ್ವಲ್ಪ ಲೆಕ್ಕ

ಅಪ್‌ಡೇಟ್ ಕಡತ 1 ಜಿ.ಬಿ. ಇದೆ ಎಂದುಕೊಳ್ಳಿ. 1 ಬೈಟ್ ಅಂದರೆ 8 ಬಿಟ್. ಆದ್ದರಿಂದ 1 ಜಿ.ಬಿ. ಎಂದರೆ ಸುಮಾರು 8,000 ಮೆಗಾಬಿಟ್. ಶಿಕ್ಷಕರ ಫೋನಿನ ಹಾಟ್‌ಸ್ಪಾಟ್ ಸೆಕೆಂಡಿಗೆ 10 ಮೆಗಾಬಿಟ್ ಕೊಟ್ಟರೆ:

8,000 ÷ 10 = 800 ಸೆಕೆಂಡ್, ಅಂದರೆ ಸುಮಾರು 13 ನಿಮಿಷ.

ಸಿಗ್ನಲ್ ಕಡಿಮೆಯಾಗಿ ಸೆಕೆಂಡಿಗೆ 2 ಮೆಗಾಬಿಟ್ ಮಾತ್ರ ಬಂದರೆ 4,000 ಸೆಕೆಂಡ್, ಅಂದರೆ ಸುಮಾರು 67 ನಿಮಿಷ. ಒಂದು ಪೀರಿಯಡ್ ಮುಗಿದೇ ಹೋಯಿತು! ದಿನಕ್ಕೆ ಒಂದೂವರೆ ಜಿ.ಬಿ. ಪ್ಯಾಕ್ ಇದ್ದರೆ ಮೂರರಲ್ಲಿ ಎರಡು ಪಾಲು ಅದಕ್ಕೇ ಖರ್ಚು. ಅದಕ್ಕೇ ಅಪ್‌ಡೇಟ್‌ಗೆ ಪಾಠದ ಹೊತ್ತು ಬೇಡ, ಬೇರೆ ಹೊತ್ತು ಗೊತ್ತು ಮಾಡಿಕೊಳ್ಳಬೇಕು.

ಮಾಡುವ ಕ್ರಮ

1. ಮೊದಲು ಟಿವಿಯ ಮಾದರಿ ಸಂಖ್ಯೆ ಮತ್ತು ಈಗಿರುವ ತಂತ್ರಾಂಶದ ಆವೃತ್ತಿಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮಾದರಿ ಸಂಖ್ಯೆ ಟಿವಿಯ ಹಿಂದಿನ ಚೀಟಿಯಲ್ಲೂ ಇರುತ್ತದೆ.

2. ಆಂಡ್ರಾಯ್ಡ್ ಅಥವಾ ಗೂಗಲ್ ಟಿವಿಯಾದರೆ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ದಾರಿಯಲ್ಲಿ ಹೋಗಿ. ಸ್ಯಾಮ್‌ಸಂಗ್, ಎಲ್‌ಜಿ ಟಿವಿಗಳಲ್ಲಿ ಸೆಟ್ಟಿಂಗ್ಸ್ ಒಳಗಿನ ಸಪೋರ್ಟ್ ವಿಭಾಗದಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಹುಡುಕಿ. ಮಾದರಿಯಿಂದ ಮಾದರಿಗೆ ಹೆಸರು ಸ್ವಲ್ಪ ಬದಲಾಗಬಹುದು.

3. ಕರೆಂಟ್ ನಿಲ್ಲುವ ನಂಬಿಕೆ ಇರುವ ಹೊತ್ತು ಆರಿಸಿ. ಇನ್ವರ್ಟರ್ ಇದ್ದರೆ ಟಿವಿಯನ್ನು ಅದಕ್ಕೆ ಜೋಡಿಸಿ. ಮಳೆ, ಗಾಳಿ ಇರುವ ದಿನ ಬೇಡ.

4. ಬರೆಯುವ ಕೆಲಸ ನಡೆದಿರುವಾಗ ರಿಮೋಟ್ ಒತ್ತಬೇಡಿ, ಪ್ಲಗ್ ಮುಟ್ಟಬೇಡಿ. ಪರದೆ ಕಪ್ಪಾದರೂ ಗಾಬರಿಯಾಗದೆ ಕಾಯಿರಿ.

5. ನೆಟ್ ಇಲ್ಲದ ಕಡೆ ಪೆನ್‌ಡ್ರೈವ್‌ನಿಂದಲೂ ಹಲವು ಟಿವಿಗಳನ್ನು ಅಪ್‌ಡೇಟ್ ಮಾಡಬಹುದು. ಕಡತವನ್ನು ಕಂಪನಿಯ ಅಧಿಕೃತ ತಾಣದಿಂದಲೇ, ನಿಮ್ಮದೇ ಮಾದರಿ ಸಂಖ್ಯೆಗೆ ಇಳಿಸಿಕೊಳ್ಳಬೇಕು. ಪಕ್ಕದ ಮನೆಯವರ ಟಿವಿಯ ಕಡತ ನಿಮ್ಮದಕ್ಕೆ ಆಗುವುದಿಲ್ಲ.

6. ಎಲ್ಲ ಮುಗಿದ ಮೇಲೆ ಸ್ವಯಂಚಾಲಿತ ಅಪ್‌ಡೇಟ್ ಆಯ್ಕೆಯನ್ನು ಆನ್ ಮಾಡಿ, ಹೊಸ ಆವೃತ್ತಿಯನ್ನು ತಾರೀಖಿನ ಜೊತೆ ಬರೆದಿಡಿ. ಹಾಟ್‌ಸ್ಪಾಟ್ ಬಳಸುವ ಶಾಲೆಯಾದರೆ ತಿಂಗಳಿಗೊಮ್ಮೆ ನೀವೇ ನೋಡುವುದು ಮೇಲು.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ನಿಜವಾದ ಅಪ್‌ಡೇಟ್ ಹಣ ಕೇಳುವುದಿಲ್ಲ, ಓಟಿಪಿ ಕೇಳುವುದಿಲ್ಲ, ‘ಈ ನಂಬರಿಗೆ ಫೋನ್ ಮಾಡಿ’ ಅನ್ನುವುದಿಲ್ಲ. ಹಾಗೆ ಕೇಳಿದರೆ ಅದು ಮೋಸ. ಯಾರಾದರೂ ಹಣ ಕಳೆದುಕೊಂಡರೆ ತಡಮಾಡದೆ 1930 ಸಹಾಯವಾಣಿಗೆ ತಿಳಿಸಬೇಕು. ಇದನ್ನು ಮನೆಯಲ್ಲಿ ಅಜ್ಜ ಅಜ್ಜಿಗೂ ಹೇಳಿ.

ಅಪ್‌ಡೇಟ್ ಬರುವುದೇ ನಿಂತರೆ?

ಕಂಪನಿಗಳು ಒಂದು ಮಾದರಿಗೆ ಕೆಲವು ವರ್ಷ ಮಾತ್ರ ಅಪ್‌ಡೇಟ್ ಕೊಡುತ್ತವೆ. ಆದ್ದರಿಂದ ಟಿವಿ ಕೊಳ್ಳುವಾಗ ಬೆಲೆ, ಪರದೆಯ ಅಳತೆ ಕೇಳಿದ ಹಾಗೆಯೇ ‘ಎಷ್ಟು ವರ್ಷ ಅಪ್‌ಡೇಟ್ ಕೊಡ್ತೀರಿ?’ ಅಂತಲೂ ಕೇಳಬೇಕು.

ಅಪ್‌ಡೇಟ್ ನಿಂತಿತೆಂದು ಟಿವಿ ಎಸೆಯಬೇಕಾಗಿಲ್ಲ. ಮುಪ್ಪಾದದ್ದು ಒಳಗಿನ ಕಂಪ್ಯೂಟರ್, ಪರದೆಯಲ್ಲ. ಟಿವಿಯನ್ನು ಇಂಟರ್ನೆಟ್‌ನಿಂದ ಬಿಡಿಸಿ, ಎಚ್‌ಡಿಎಂಐ ಕಿಂಡಿಗೆ ಅಪ್‌ಡೇಟ್ ಸಿಗುವ ಒಳ್ಳೆಯ ಕಂಪನಿಯ ಸ್ಟಿಕ್ ಅಥವಾ ಲ್ಯಾಪ್‌ಟಾಪ್ ಜೋಡಿಸಿದರೆ ಸಾಕು. ಪಾಠದ ವಿಡಿಯೊವನ್ನು ಪೆನ್‌ಡ್ರೈವ್‌ನಿಂದಲೂ ತೋರಿಸಬಹುದು. ಟಿವಿಯನ್ನು ಬೇರೆಯವರಿಗೆ ಕೊಡುವುದಾದರೆ ಫ್ಯಾಕ್ಟರಿ ರೀಸೆಟ್ ಮಾಡಿ, ನಿಮ್ಮ ಖಾತೆಯನ್ನು ಅಳಿಸಿ ಕೊಡಿ.

ಅಭ್ಯಾಸ

1. ಬಿಡಿಭಾಗ ಯಾವುದೂ ಕೆಡದಿದ್ದರೂ ಸ್ಮಾರ್ಟ್ ಟಿವಿಯ ಆ್ಯಪ್ ನಿಂತುಹೋಗಲು ಎರಡು ಕಾರಣ ಬರೆಯಿರಿ.

2. 600 ಎಂ.ಬಿ. ಕಡತ ಸೆಕೆಂಡಿಗೆ 4 ಮೆಗಾಬಿಟ್ ವೇಗದಲ್ಲಿ ಇಳಿಯಲು ಎಷ್ಟು ನಿಮಿಷ ಬೇಕು? (ಉತ್ತರ: 20)

3. ತೆಲುಗಿನ ‘ಮ’ ಅಕ್ಷರದ ಯೂನಿಕೋಡ್ ಸಂಖ್ಯೆ 3118. ಕನ್ನಡದ ‘ಮ’ ಎಷ್ಟು?

4. ಫ್ಲ್ಯಾಶ್ ಮೆಮೊರಿಗೆ ಬರೆಯುವಾಗ ಕರೆಂಟ್ ಹೋದರೆ ಏನಾಗುತ್ತದೆ? ಎರಡು ಕೋಣೆಯ ಏರ್ಪಾಡು ಇದನ್ನು ಹೇಗೆ ತಡೆಯುತ್ತದೆ?

5. ನಿಮ್ಮ ಶಾಲೆಯ ಅಥವಾ ಮನೆಯ ಟಿವಿಯ ಮಾದರಿ, ತಂತ್ರಾಂಶದ ಆವೃತ್ತಿ, ಕೊನೆಯ ಅಪ್‌ಡೇಟ್ ತಾರೀಖು ಪತ್ತೆಮಾಡಿ ತರಗತಿಯ ಗೋಡೆಗೆ ಹಚ್ಚಿ. ತಿಂಗಳಿಗೊಮ್ಮೆ ಅದನ್ನು ನೋಡುವ ಕೆಲಸಕ್ಕೆ ಸರದಿಯಂತೆ ಒಬ್ಬೊಬ್ಬರನ್ನು ನೇಮಿಸಿಕೊಳ್ಳಿ.