ಹಣ್ಣುಮೆಣಸಿನಕಾಯಿ ರಂಜಕಕ್ಕೆ ಕಟ್ಟಿದ ಮೊಸರು

ಸಂಕ್ರಾಂತಿ ಬಂತೆಂದರೆ ಸಿರುಗುಪ್ಪ, ಕುರುಗೋಡು ಸೀಮೆಯ ಹೊಲಗಳಲ್ಲಿ ಮೆಣಸಿನಕಾಯಿ ಕೆಂಪೇರುತ್ತದೆ. ಕಣದಲ್ಲಿ ಒಣಗಿದ ಬೆಳೆ ಲಾರಿ ಹತ್ತಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಹೋಗುತ್ತದೆ. ಮನೆಗೆಂದು ಎತ್ತಿಟ್ಟ ಹಸಿ ಹಣ್ಣಿನ ಜಾಗ ಒರಳು. ಅದರಲ್ಲಿ ಕುಟ್ಟಿದ ರಂಜಕಕ್ಕೆ ಎಮ್ಮೆ ಹಾಲಿನ ಗಟ್ಟಿ ಮೊಸರು ಕಲಸಿ, ಕಡಕ್ ಜೋಳದ ರೊಟ್ಟಿ ಮುರಿದು ಅದ್ದಿ ತಿಂದ ಮಕ್ಕಳಿಗೆ ಇಂದಿನ ಚೀಸ್ ಡಿಪ್ ಹೊಸದೇನಲ್ಲ.

ಈಗ ಒರಳಿಲ್ಲದಿದ್ದರೂ ಚಿಂತೆಯಿಲ್ಲ, ಮಿಕ್ಸಿ ಸಾಕು.

ಬೇಕಾಗುವುದು: ಹಣ್ಣು ಮೆಣಸಿನಕಾಯಿ ಕಾಲು ಕಿಲೋ, ಕಲ್ಲುಪ್ಪು 50 ಗ್ರಾಂ, ಬೆಳ್ಳುಳ್ಳಿ 50 ಗ್ರಾಂ, ನಿಂಬೆಹಣ್ಣು 4, ಮೆಂತ್ಯ 1 ಚಮಚ, ಚಿಟಿಕೆ ಇಂಗು, ಎಣ್ಣೆ. ಗಟ್ಟಿ ಮೊಸರು 1 ಲೀಟರ್.

1. ಕಾಯಿಗಳನ್ನು ತೊಟ್ಟಿನ ಸಮೇತ ತೊಳೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ. ತೊಟ್ಟು ಬಿಡಿಸುವುದು ಆಮೇಲೆ. ಮೊದಲೇ ಬಿಡಿಸಿದರೆ ಒಳಗೆ ನೀರು ಸೇರುತ್ತದೆ, ರಂಜಕಕ್ಕೆ ಬೂಸು ಹಿಡಿಯುತ್ತದೆ.

2. ಕೈಗೆ ಎಣ್ಣೆ ಸವರಿಕೊಂಡು ತೊಟ್ಟು ತೆಗೆಯಿರಿ. ಕಾಯಿ, ಉಪ್ಪು ಸೇರಿಸಿ ಹನಿ ನೀರೂ ಹಾಕದೆ ತರಿತರಿಯಾಗಿ ರುಬ್ಬಿ, ಗಾಜಿನ ಬಾಟಲಿಗೋ ಪಿಂಗಾಣಿ ಭರಣಿಗೋ ತುಂಬಿ ಎರಡು ದಿನ ಬಿಡಿ.

3. ಮೂರನೇ ದಿನ ಹುರಿದ ಮೆಂತ್ಯದ ಪುಡಿ, ಬೆಳ್ಳುಳ್ಳಿ, ನಿಂಬೆರಸ ಹಾಕಿ ಮತ್ತೊಮ್ಮೆ ತಿರುವಿ. ರಂಜಕ ಸಿದ್ಧ. ಫ್ರಿಜ್‌ನಲ್ಲಿಟ್ಟು, ಪ್ರತಿಸಲ ಒಣ ಚಮಚದಿಂದಲೇ ತೆಗೆಯಿರಿ.

4. ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಕೆಳಗೊಂದು ಪಾತ್ರೆಯಿಟ್ಟು, ನಾಲ್ಕೈದು ತಾಸು ತಂಪಿನಲ್ಲಿ ತೂಗುಹಾಕಿ. ನೀರು ಬಸಿದು ಬೆಣ್ಣೆಯಂತೆ ಮೆತ್ತಗಾಗಬೇಕು. ಬಸಿದ ನೀರನ್ನು ಚೆಲ್ಲದೆ ರೊಟ್ಟಿ ಹಿಟ್ಟು ಕಲಸಲು ಬಳಸಿ.

5. ಒಂದು ಬಟ್ಟಲು ಕಟ್ಟಿದ ಮೊಸರಿಗೆ ಎರಡು ಚಮಚ ರಂಜಕ ಕಲಸಿ. ಬೇರೆ ಉಪ್ಪು ಬೇಡ. ಮೇಲೆ ಇಂಗಿನ ಒಗ್ಗರಣೆ ಕೊಡಿ. ಎಣ್ಣೆ ಆರಿದ ಮೇಲೆ ಸುರಿದರೆ ಮೊಸರು ಒಡೆಯುವುದಿಲ್ಲ.

ಖಾರಕ್ಕೆ ಮೊಸರೇ ಏಕೆ? ಮೆಣಸಿನಕಾಯಿಯ ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಸುಲಭವಾಗಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಹಾಲಿನ ಕೇಸಿನ್ ಪ್ರೋಟೀನೂ ಅದನ್ನು ಹಿಡಿದಿಡುತ್ತದೆ. ಬಾಯಿ ಉರಿದಾಗ ಒಂದು ಚೊಂಬು ನೀರು ಕುಡಿದರೂ ತಣಿಯದ್ದು ಎರಡು ತುತ್ತು ಮೊಸರಿಗೆ ತಣಿಯುವುದು ಇದಕ್ಕೇ. ಆ ಕ್ಯಾಪ್ಸೈಸಿನ್ ಹೆಚ್ಚಾಗಿರುವುದು ಬೀಜ ಅಂಟಿಕೊಂಡ ಬಿಳಿ ತಿರುಳಿನಲ್ಲಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದನ್ನು ಕೆರೆದು ತೆಗೆಯಬಹುದು. ಕಾಯಿ ಆರಿಸುವಾಗಲೂ ಗಮನವಿರಲಿ: 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಬ್ಯಾಡಗಿ ತಳಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಗುಂಟೂರು ತಳಿಯದು ಖಾರವೇ ಮುಂದು. ಬಳ್ಳಾರಿ ಸಂತೆಯಲ್ಲಿ ಎರಡೂ ಸಿಕ್ಕರೆ ಮೂರು ಪಾಲು ಬ್ಯಾಡಗಿ, ಒಂದು ಪಾಲು ಗುಂಟೂರು ಸರಿಹೊಂದುತ್ತದೆ.

ಮೊಸರು ಕಲಸಿದ್ದು ಅಂದೇ ಖಾಲಿಯಾಗಲಿ, ಮರುದಿನಕ್ಕೆ ಹುಳಿಯಾಗುತ್ತದೆ. ರೊಟ್ಟಿ ಮಾತ್ರವಲ್ಲ, ಸಂಜೆಯ ಮಂಡಕ್ಕಿ ಒಗ್ಗರಣೆ ಜೊತೆಗಿನ ಮಿರ್ಚಿಗೂ, ಸೌತೆಕಾಯಿ ಹೋಳಿಗೂ ಇದು ಒಗ್ಗುತ್ತದೆ. ಭರಣಿಯ ರಂಜಕದ ಮೇಲೆ ಬೂಸು ಕಂಡರೆ ಮೇಲಷ್ಟೇ ಕೆರೆದು ಬಳಸಬೇಡಿ, ಪೂರ್ತಿ ಚೆಲ್ಲಿಬಿಡಿ.